ದನಿಯ ದಾರಿ

ದೀಪ ಉರಿಯುತ್ತಿದೆಯೆಂದ ಮಾತ್ರಕ್ಕೆ ಮನೆಯೊಳಗೆ ಜನರಿದ್ದಾರೆಂದು ಹೇಳಲಾಗದು. ಯಂತ್ರಗಳ ವಿಷಯದಲ್ಲಿಯೂ ಈ ಮಾತು ಸತ್ಯ. ಮೈಸೂರಿನ ಗೃಹಸ್ಥರೊಬ್ಬರಿಗೆ ಇದು ಮನದಟ್ಟಾಗಲು ಒಂದು ಭಾನುವಾರದ ಬಹುಭಾಗವೇ ವ್ಯಯವಾಯಿತು.

ಅವರ ತಾಯಿಗೆ 82 ವರ್ಷ. ಹಸೆಗೆ ಕರೆಯುವ ಹಾಡು, ಆರತಿಯ ಹಾಡು, ಬೀಗರ ಹಾಡು ಹೀಗೆ ಎಷ್ಟೋ ಹಾಡುಗಳು ಆಕೆಯ ಕಂಠದಲ್ಲಿದ್ದವು. ಅವನ್ನು ಯಾರೂ ಬರೆದಿಟ್ಟುಕೊಂಡಿರಲಿಲ್ಲ. ದನಿಯಾದರೋ ವರ್ಷದಿಂದ ವರ್ಷಕ್ಕೆ ಕ್ಷೀಣಿಸುತ್ತಿತ್ತು. ಮರುದಿನ ಬೆಳಗಿನ ರೈಲಿಗೆ ಆಕೆ ಹಿರಿಯ ಮಗನ ಊರಿಗೆ ಹೊರಡುವವರು. ಅಷ್ಟರೊಳಗೆ ಹಾಡುಗಳನ್ನು ಹಿಡಿದಿಡಬೇಕೆಂದು ಕಿರಿಯ ಮಗ ಒಂದು ಮೈಕನ್ನೂ, ಅದರ ದನಿಯನ್ನು ಅಂಕಿಗಳನ್ನಾಗಿಸಿ ಲ್ಯಾಪ್‌ಟಾಪಿಗೆ ಒಪ್ಪಿಸುವ ಆಡಿಯೋ ಇಂಟರ್‌ಫೇಸ್ ಎಂಬ ಪುಟ್ಟ ಪೆಟ್ಟಿಗೆಯನ್ನೂ ಕೊಂಡು ತಂದಿದ್ದರು.

ತಾಯಿ ಪೂಜೆ ಮುಗಿಸಿ, ಮಡಿಕೆ ಮುರಿಯದ ಸೀರೆಯುಟ್ಟು ಬಂದು ಕುಳಿತರು. ಪೆಟ್ಟಿಗೆಯ ದೀಪ ಹತ್ತಿತು. ವಿಂಡೋಸ್ ಲ್ಯಾಪ್‌ಟಾಪು ಮಾತ್ರ ಅಂಥದೊಂದು ಪೆಟ್ಟಿಗೆ ಲೋಕದಲ್ಲಿದೆಯೆಂಬುದನ್ನೇ ಒಪ್ಪಲಿಲ್ಲ.

ಮಗ ಡ್ರೈವರನ್ನು ಅಳಿಸಿದರು, ಮತ್ತೆ ಹಾಕಿದರು. ಲ್ಯಾಪ್‌ಟಾಪನ್ನು ಆರಿಸಿ ಎಬ್ಬಿಸಿದರು. ಏಕಕಾಲಕ್ಕೆ ನಾಲ್ಕು ಕಡೆ ಕೈಹಾಕಿ, ಯಾವುದನ್ನು ಬದಲಿಸಿದೆವೆಂಬುದನ್ನೇ ಮರೆತರು.

"ಹಾಡಲೇನೋ?" ಎಂದರು ತಾಯಿ.

"ಸ್ವಲ್ಪ ತಡಿಯಮ್ಮ."

ಈ ಪ್ರಶ್ನೋತ್ತರ ಮಧ್ಯಾಹ್ನದವರೆಗೆ ನಡೆಯಿತು. ಕಡೆಗೆ ಕಾಲೇಜಿನಲ್ಲಿ ಓದುವ ಮಗಳು ಬಂದು, "ಅಪ್ಪಾ, ಹೊರಗಿನಿಂದ ಒಳಕ್ಕೆ ನೋಡೋಣ. ಒಂದು ಸಲಕ್ಕೆ ಒಂದೇ" ಎಂದಳು.

ಡ್ರೈವರಿನ ಮೇಲಣ ಸಂಶಯವನ್ನು ಆಕೆ ಬದಿಗಿಟ್ಟಳು. ಯು.ಎಸ್.ಬಿ. ಆಡಿಯೋ 2.0 ವರ್ಗದ ಡ್ರೈವರ್ 2017ರಿಂದೀಚೆಗೆ ವಿಂಡೋಸ್ 10ರೊಳಗೇ ಸೇರಿದೆ; ಆ ವರ್ಗದ ಪೆಟ್ಟಿಗೆಯಾದರೆ ಡಿವೈಸ್ ಮ್ಯಾನೇಜರಿನಲ್ಲಿ ಹೆಸರಾದರೂ ಕಾಣಬೇಕು. ಹೆಸರೇ ಇಲ್ಲವೆಂದರೆ ತಂತಿಯನ್ನು ನೋಡಬೇಕು. ನೋಡಿದರೆ, ಅದು ಮೊಬೈಲ್ ಚಾರ್ಜ್ ಮಾಡುವ ಕೇಬಲು! ಯು.ಎಸ್.ಬಿ. ಕೇಬಲಿನೊಳಗೆ ವಿದ್ಯುತ್ತಿಗೆ ಬೇರೆ ಎಳೆ, ಮಾಹಿತಿಗೆ ಬೇರೆ ಎಳೆ. ಚಾರ್ಜಿಗೆಂದೇ ಮಾಡಿದ ಕೆಲವು ಕೇಬಲುಗಳಲ್ಲಿ ಎರಡನೆಯದೇ ಇರುವುದಿಲ್ಲ. ದೀಪ ಹತ್ತಿದ್ದೂ ನಿಜ, ಮಾತು ಹೋಗದಿದ್ದುದೂ ನಿಜ. ಪೆಟ್ಟಿಗೆಯ ಜೊತೆಗೆ ಬಂದಿದ್ದ ಕೇಬಲನ್ನು ನೇರವಾಗಿ ಲ್ಯಾಪ್‌ಟಾಪಿಗೇ ಸಿಕ್ಕಿಸಿದೊಡನೆ ಹೆಸರು ಮೂಡಿತು.

ಆದರೂ ದನಿಯಿಲ್ಲ. ವಿಂಡೋಸಿನ ಪ್ರೈವಸಿ ಸೆಟ್ಟಿಂಗಿನಲ್ಲಿ ಮೈಕಿಗೆ ಅನುಮತಿ ಮುಚ್ಚಿತ್ತು, ತೆರೆದದ್ದಾಯಿತು. ಇನ್ನೂ ಮೌನ. ಮೈಕು ಕಂಡೆನ್ಸರ್ ಜಾತಿಯದು. ಅದಕ್ಕೆ ಪೆಟ್ಟಿಗೆಯಿಂದಲೇ 48 ವೋಲ್ಟ್ ಒದಗಬೇಕು. ಅದರ ಹೆಸರು ಫ್ಯಾಂಟಮ್ ಪವರ್. "ಹಾಗೆಂದರೆ ಭೂತ, ಅಜ್ಜಿ" ಎಂದಳು ಮೊಮ್ಮಗಳು.

"ನನ್ನ ಹಾಡಿಗೆ ಭೂತವೂ ಬರಬೇಕೇನೇ?" ಎಂದು ಅಜ್ಜಿ ನಕ್ಕರು. ಗುಂಡಿ ಒತ್ತಿದಾಗ ಆ ನಗುವೇ ಪರದೆಯ ಮೇಲೆ ಹಸಿರು ಗೆರೆಯಾಗಿ ಕುಣಿಯಿತು.

ಆ ವೇಳೆಗೆ ಸಂಜೆಯಾಗಿತ್ತು. ಆಕೆ ದಣಿದಿದ್ದರು. ಮೂರು ಹಾಡುಗಳಾದ ಮೇಲೆ ದನಿ ಒಡೆಯಿತು. ಕಿವಿಗೆ ಹೆಡ್‌ಫೋನ್ ಇಟ್ಟು ಕೇಳಿಸಿದರು. ಬಹಳ ಹೊತ್ತು ಕಣ್ಣುಮುಚ್ಚಿ ಕೇಳಿ, "ಇದು ನನ್ನ ದನಿಯಲ್ಲವೋ, ನಮ್ಮಮ್ಮಂದು" ಎಂದರು.

ಬೆಳಿಗ್ಗೆ ಸ್ಟೇಷನ್ನಿನಿಂದ ಮರಳಿದ ಮಗ, ಸರಿಯಾದ ಆ ಕೇಬಲನ್ನು ದಾರದಿಂದ ಪೆಟ್ಟಿಗೆಗೇ ಬಿಗಿದಿಟ್ಟರು. ತಾಯಿ ದೀಪಾವಳಿಗೆ ಬರುವೆನೆಂದಿದ್ದಾರೆ. ಉಳಿದ ಹಾಡುಗಳು ಆಕೆಯೊಡನೆ ರೈಲಿನಲ್ಲಿ ಹೋಗಿವೆ.