ಯಾವ ಗಣಿತ ಪುಸ್ತಕ ಇಟ್ಟುಕೊಳ್ಳಲಿ, ಸಾರ್?

ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಓದಿಸುವ ತಂದೆತಾಯಿಗಳು ನಮ್ಮಲ್ಲಿ ಇನ್ನೂ ಕಡಿಮೆ. ಅದು ಸರಿಯೋ ತಪ್ಪೋ ಎಂಬ ವಾದಕ್ಕೆ ನಾನು ಇಳಿಯುವುದಿಲ್ಲ. ಮೂವತ್ತು ವರ್ಷ ಶಾಲೆಯ ಅನ್ನ ಉಂಡವನು ನಾನು. ನನ್ನ ತಕ್ಕಡಿ ಒಂದು ಕಡೆಗೆ ವಾಲುವುದು ಸಹಜ. ಆದರೆ ಇಂಥ ಮನೆಗಳಲ್ಲಿ ಭಾಷೆ, ಪರಿಸರ, ಚಿತ್ರಕಲೆ ಎಲ್ಲ ಹೇಗೋ ಸಾಗಿ, ಗಾಡಿ ಬಂದು ನಿಲ್ಲುವುದು ಗಣಿತದ ಹತ್ತಿರ. ಒಂದು ಕಥೆ ತಪ್ಪಿಹೋದರೆ ಇನ್ನೊಂದು ಓದಬಹುದು. ಗಣಿತದಲ್ಲಿ ಮೂರನೆಯ ಮೆಟ್ಟಿಲು ಮುರಿದಿದ್ದರೆ ಅದು ಗೊತ್ತಾಗುವುದು ಎಂಟನೆಯ ಮೆಟ್ಟಿಲಿನಲ್ಲಿ. ಅರ್ಧಕ್ಕೆ ಮೂರನೇ ಒಂದನ್ನು ಕೂಡಿ ‘ಐದನೇ ಎರಡು’ ಎಂದು ಬರೆಯುವ ಹುಡುಗರು ಹೈಸ್ಕೂಲಿನಲ್ಲಿ ನನಗೆ ಪ್ರತಿ ವರ್ಷವೂ ಸಿಕ್ಕಿದ್ದಾರೆ.

ಕಳೆದ ವರ್ಷ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಎಂಟು ವರ್ಷದ ಮಗಳನ್ನು ಕರೆದುಕೊಂಡು ಬಂದಳು. ಮೂರನೇ ತರಗತಿಯ ನಡುವೆ ಶಾಲೆ ಬಿಡಿಸಿದ್ದರು. ಲೆಕ್ಕದ ಪರೀಕ್ಷೆಯ ದಿನ ಬೆಳಗಾದರೆ ಮಗುವಿಗೆ ಹೊಟ್ಟೆನೋವು. ಅದು ನೆಪವೆಂದು ಮೊದಮೊದಲು ಗದರಿದರಂತೆ. ಆಮೇಲೆ ನಿಜವಾಗಿಯೂ ವಾಂತಿಯಾಗತೊಡಗಿತು. ತಾಯಿಯ ಚೀಲದಲ್ಲಿ ನಾಲ್ಕು ಬಗೆಯ ಪುಸ್ತಕಗಳಿದ್ದವು: ರಾಜ್ಯದ ಪಠ್ಯ, ಎನ್‌ಸಿಇಆರ್‌ಟಿಯ ಪಠ್ಯ, ದುಬಾರಿ ಬೆಲೆಯ ‘ಸಿಂಗಪುರ ಗಣಿತ’ದ ಕಟ್ಟು, ಮತ್ತು ಪುಟಕ್ಕೆ ನಲವತ್ತು ಲೆಕ್ಕ ತುಂಬಿದ ಒಂದು ಅಭ್ಯಾಸ ಪುಸ್ತಕ.

“ಇದರಲ್ಲಿ ಯಾವುದು ಇಟ್ಟುಕೊಳ್ಳಲಿ, ಸಾರ್? ಆರನೇ ಕ್ಲಾಸಿಗೆ ಮತ್ತೆ ಶಾಲೆಗೆ ಸೇರಿಸೋಣ ಅಂತಿದೀವಿ. ಅಷ್ಟರಲ್ಲಿ ಇವಳು ಹಿಂದೆ ಬಿದ್ದುಬಿಟ್ಟರೆ?”

ಪುಸ್ತಕಗಳನ್ನು ಬದಿಗಿಟ್ಟು ಹುಡುಗಿಗೆ ಒಂದು ಕಾಗದ ಕೊಟ್ಟೆ. 42ರಲ್ಲಿ 17 ಕಳೆ ಅಂದೆ. 35 ಎಂದು ಬರೆದಳು. ಹೇಗಮ್ಮ ಎಂದರೆ, “ಎರಡರಲ್ಲಿ ಏಳು ಹೋಗಲ್ಲ, ಏಳರಲ್ಲಿ ಎರಡು ಹೋಗತ್ತೆ” ಎಂದಳು. ಸರಿ, ನಿನ್ನ ಹತ್ತಿರ 42 ರೂಪಾಯಿ ಇದೆ, 17 ರೂಪಾಯಿ ಕೊಟ್ಟು ಬಿಸ್ಕತ್ತು ತಂದೆ, ಎಷ್ಟು ಉಳಿಯಿತು ಎಂದೆ. ಚಾವಣಿ ನೋಡಿ, ತುಟಿ ಅಲುಗಿಸಿ, “ಇಪ್ಪತ್ತೈದು” ಎಂದಳು! ಒಂದೇ ಪ್ರಶ್ನೆಗೆ ಎರಡು ಉತ್ತರ ಬಂದದ್ದು ಅವಳಿಗೆ ವಿಚಿತ್ರವೆನಿಸಲಿಲ್ಲ. ಅಂಗಡಿಯ ಲೆಕ್ಕ ಬೇರೆ, ಪುಸ್ತಕದ ಲೆಕ್ಕ ಬೇರೆ ಎಂದು ಎಂದೋ ತೀರ್ಮಾನಿಸಿಕೊಂಡಿದ್ದಳು. ಅಂದರೆ ಹುಡುಗಿಗೆ ಲೆಕ್ಕ ಬರುತ್ತದೆ. 42 ಎಂದರೆ ನಾಲ್ಕು ಹತ್ತು, ಎರಡು ಬಿಡಿ ಎಂಬುದು ಮಾತ್ರ ಕಾಗದದ ಮೇಲೆ ಕಾಣುತ್ತಿಲ್ಲ. ರೋಗ ಇಷ್ಟು ಖಚಿತವಾದ ಮೇಲೆ ಔಷಧಿ ಹುಡುಕುವುದು ಸುಲಭ.

ಅಭ್ಯಾಸ ಪುಸ್ತಕವನ್ನು ಮೊದಲು ಪಕ್ಕಕ್ಕಿಟ್ಟೆ. ತಪ್ಪು ದಾರಿಯಲ್ಲಿ ನಲವತ್ತು ಸಲ ನಡೆದರೆ ದಾರಿ ಸವೆಯುತ್ತದೆಯೇ ಹೊರತು ಊರು ಸಿಗುವುದಿಲ್ಲ.

ಸಿಂಗಪುರದ್ದು ನಿಜಕ್ಕೂ ಒಳ್ಳೆಯ ಪದ್ಧತಿ. 1980ರ ದಶಕದಲ್ಲಿ ಆ ಪುಟ್ಟ ದೇಶ ತನ್ನ ಮಕ್ಕಳಿಗೆಂದೇ ರೂಪಿಸಿಕೊಂಡದ್ದು. ಮೊದಲು ಕೈಗೆ ಸಿಗುವ ವಸ್ತು, ಆಮೇಲೆ ಚಿತ್ರ, ಕೊನೆಗೆ ಅಂಕಿ. ಇದು ಅದರ ಕ್ರಮ. ಮೂಲ ವಿಚಾರ ಅಮೆರಿಕದ ಮನೋವಿಜ್ಞಾನಿ ಜೆರೋಮ್ ಬ್ರೂನರ್ ಅವರದು. ಒಂದು ಉದಾಹರಣೆ ನೋಡಿ. ಅಣ್ಣನ ಬಳಿ ತಮ್ಮನಿಗಿಂತ 8 ಗೋಲಿ ಹೆಚ್ಚು, ಇಬ್ಬರದೂ ಸೇರಿ 30. ಎಂಟನೇ ತರಗತಿಯಲ್ಲಿ ನಾವು ಇದಕ್ಕೆ ‘ಎಕ್ಸ್’ ತರುತ್ತೇವೆ. ಅಲ್ಲಿ ಎರಡು ಪಟ್ಟಿ ಎಳೆಯುತ್ತಾರೆ, ಅಣ್ಣನದು ಸ್ವಲ್ಪ ಉದ್ದ. ಆ ಹೆಚ್ಚಿನ 8ನ್ನು ಮುಚ್ಚಿದರೆ ಉಳಿದದ್ದು 22, ಎರಡು ಸಮಭಾಗ. ತಮ್ಮನಿಗೆ 11, ಅಣ್ಣನಿಗೆ 19. ಮೂರನೇ ತರಗತಿಯ ಮಗುವಿಗೂ ಅರ್ಥವಾಗುತ್ತದೆ. ಆದರೆ ಪಟ್ಟಿ ಎಳೆಯಲು ಒಂದು ಪೆನ್ಸಿಲ್ ಸಾಕು. ಇಡೀ ಕಟ್ಟು ಕೊಳ್ಳಲೇಬೇಕೆಂದೇನಿಲ್ಲ.

ನಮ್ಮದರಲ್ಲೇನು ಕಡಿಮೆ? 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ನಂತರ ಎನ್‌ಸಿಇಆರ್‌ಟಿ ತಂದ ಪುಸ್ತಕಗಳಲ್ಲಿ ನಾಲ್ಕನೇ ತರಗತಿಯ ಗಣಿತ ಇಟ್ಟಿಗೆಯಿಂದ ಶುರುವಾಗುತ್ತಿತ್ತು, ಐದನೆಯದು ಮೀನಿನಿಂದ. 2023ರಿಂದೀಚೆಗೆ ಅವುಗಳ ಜಾಗಕ್ಕೆ ಹೊಸವು ಬಂದಿವೆ. ಮೂರರಿಂದ ಐದನೇ ತರಗತಿಯವರಿಗೆ ‘ಮ್ಯಾಥ್ಸ್ ಮೇಳ’. ಸಂಸ್ಥೆಯ ಜಾಲತಾಣದಿಂದ ಪುಕ್ಕಟೆ ಇಳಿಸಿಕೊಳ್ಳಬಹುದು. ನನ್ನ ತಕರಾರು ಒಂದೇ: ಯೋಚನೆಗೆ ಮೇವು ಧಾರಾಳ, ಅಭ್ಯಾಸದ ಲೆಕ್ಕ ಸಾಲದು. ಅದನ್ನು ತಾಯಿಯೋ ತಂದೆಯೋ ದಿನಾ ನಾಲ್ಕೈದು ಬರೆದುಕೊಡಬೇಕು. ಮಗುವಿಗೆ ಅದರದೇ ವೇಗ ಬೇಕೆಂದು ಹೊರದೇಶದ ಕಡೆ ನೋಡುವವರಿಗೆ ಇನ್ನೊಂದು ಮಾತು. 1995ರಲ್ಲಿ ನಮ್ಮ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ‘ನಲಿ-ಕಲಿ’ಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಕಾರ್ಡುಗಳಿವೆ. ಒಂದು ಮೆಟ್ಟಿಲು ಗಟ್ಟಿಯಾದ ಮೇಲೆಯೇ ಮುಂದಿನದು. ಹತ್ತಿರದ ಸರ್ಕಾರಿ ಶಾಲೆಯಲ್ಲಿ ಒಂದು ಮಧ್ಯಾಹ್ನ ಕೂತು ನೋಡಿ ಬರಲು ಸಂಕೋಚವೇಕೆ?

ಹುಡುಗಿಗೆ ಕೊನೆಗೆ ಆರಿಸಿದ್ದು ಎನ್‌ಸಿಇಆರ್‌ಟಿಯ ಮೂರನೇ ತರಗತಿಯದನ್ನೇ. ಅದನ್ನು ತೆರೆಯುವ ಮೊದಲು ಒಂದು ತಿಂಗಳು ಪುಸ್ತಕವೇ ಬೇಡ ಎಂದೆ. ಕಡ್ಡಿಗಳನ್ನು ಹತ್ತು ಹತ್ತರ ಕಟ್ಟು ಮಾಡಿ, ರಬ್ಬರ್ ಬ್ಯಾಂಡ್ ಹಾಕುವುದು, ಬೇಕಾದಾಗ ಒಂದು ಕಟ್ಟು ಬಿಚ್ಚುವುದು. 42ರಿಂದ 17 ತೆಗೆಯಬೇಕಾದರೆ ಕಟ್ಟು ಬಿಚ್ಚದೆ ಗತಿಯಿಲ್ಲ. ‘ಸಾಲ ತರುವುದು’ ಎಂದು ಮಕ್ಕಳಿಗೆ ಬಾಯಿಪಾಠ ಮಾಡಿಸುವುದು ಇದನ್ನೇ. ಜೊತೆಗೆ ಎಣಿಕೆ ಕನ್ನಡದಲ್ಲೇ ಇರಲಿ ಎಂದೆ, ಪುಸ್ತಕ ಇಂಗ್ಲಿಷಿನದಾದರೂ. ಇದು ಭಾಷಾಭಿಮಾನದ ಮಾತಲ್ಲ. ಇಂಗ್ಲಿಷಿನ ‘ಥರ್ಟೀನ್’ನಲ್ಲಿ ಮೂರು ಮೊದಲು, ಹತ್ತು ಆಮೇಲೆ, ಬರೆಯುವಾಗ ಮಾತ್ರ ತಿರುಗುಮುರುಗು. ನಮ್ಮ ಹದಿಮೂರಿನಲ್ಲಿ ಹತ್ತು ಮೊದಲು, ಮೂರು ಆಮೇಲೆ, ಬರೆದ ಹಾಗೆಯೇ. ಮೂವತ್ತು ಎಂದರೆ ಮೂರು ಹತ್ತು, ನಲವತ್ತು ಎಂದರೆ ನಾಲ್ಕು ಹತ್ತು. ಸ್ಥಾನಬೆಲೆಯ ಅರ್ಧ ಪಾಠ ನಾಲಿಗೆಯ ಮೇಲೇ ಇದೆ. ತೊಂಬತ್ತು ಮಾತ್ರ ಸ್ವಲ್ಪ ಹಠಮಾರಿ.

ಮಗ್ಗಿ ಬೇಡವೇ ಎಂದು ಅಜ್ಜಿಯರು ಕೇಳುತ್ತಾರೆ. ಬೇಕು, ಖಂಡಿತ ಬೇಕು. ಆದರೆ ಏಳೆಂಟಲ ಮರೆತಾಗ ಏಳೇಳಲ ನಲವತ್ತೊಂಬತ್ತಕ್ಕೆ ಇನ್ನೊಂದು ಏಳು ಸೇರಿಸಿದರಾಯಿತು ಎಂದು ಹೊಳೆಯುವಂತಿರಬೇಕು.

ಇನ್ನು ಮುಂದಿನ ದಾರಿ. ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ, ಅಂದರೆ ಎನ್‌ಐಒಎಸ್, ಮೂಲ ಶಿಕ್ಷಣಕ್ಕೆ ಎ, ಬಿ, ಸಿ ಎಂಬ ಮೂರು ಹಂತಗಳನ್ನು ಇಟ್ಟಿದೆ. ಅವು ಕ್ರಮವಾಗಿ ಮೂರು, ಐದು, ಎಂಟನೇ ತರಗತಿಗೆ ಸಮ. ಹದಿನಾಲ್ಕು ತುಂಬಿದ ಮೇಲೆ ಹತ್ತನೇ ತರಗತಿಯ ಕೋರ್ಸಿಗೆ ಅಲ್ಲೇ ಹೆಸರು ಕೊಡಬಹುದು. ಆರನೆಯದಕ್ಕೆ ಶಾಲೆಗೆ ಮರಳುವ ಮಕ್ಕಳಿಗೆ ಭಿನ್ನರಾಶಿ, ದಶಮಾಂಶ, ಉದ್ದನೆಯ ಭಾಗಾಕಾರ ಈ ಮೂರು ಗಟ್ಟಿಯಿದ್ದರೆ ಸಾಕು. ಉಳಿದದ್ದನ್ನು ಆ ತರಗತಿಯ ಮೇಷ್ಟ್ರು ನೋಡಿಕೊಳ್ಳುತ್ತಾರೆ.