ಗವಂತಿ ಹಾಕುತ್ತಾ ಕೂತರೆ

ಕಸೂತಿಯಲ್ಲಿ ನನಗೆ ಮೊದಲು ಹಿಡಿಸಿದ್ದು ಅದರ ಬೆನ್ನು. ಗವಂತಿ ಹೊಲಿಗೆ ಹಾಕಿದ ಸೆರಗನ್ನು ತಿರುವಿ ಹಾಕಿ, ಯಾವುದು ಮುಖ ಯಾವುದು ಬೆನ್ನು ಹೇಳಿ ಅಂದರೆ ಹಾಕಿದವರೂ ತಡವರಿಸುತ್ತಾರೆ. ಗಂಟು ಬಿಗಿಯುವಂತಿಲ್ಲ, ದಾರದ ತುದಿಯನ್ನು ಹೊಲಿಗೆಯೊಳಗೇ ಅಡಗಿಸಬೇಕು. ಪೆನ್ಸಿಲಿನ ಗೀಟೂ ಇಲ್ಲ. ಇಳಕಲ್ ಸೀರೆಯ ಎಳೆ ಎಣಿಸುತ್ತ ಹೋದರೆ ಗೋಪುರ, ತೇರು, ತುಳಸಿಕಟ್ಟೆ, ಆನೆ ಎಲ್ಲ ಆ ಲೆಕ್ಕದಲ್ಲೇ ಹುಟ್ಟಬೇಕು. ಉಳಿದ ಹೊಲಿಗೆಗಳಲ್ಲಿ ಮುರಗಿ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ, ನೇಗಿ ನೇಯ್ದ ಹಾಗೆ ಕಾಣುತ್ತದೆ, ಮೆಂತಿ ಅಡ್ಡಡ್ಡ ದಾಟಿ ಜಾಗ ತುಂಬುತ್ತದೆ. ನನ್ನ ಪಕ್ಷಪಾತ ಮಾತ್ರ ಗವಂತಿಗೆ.

ಮನೆಯವರಿಗೆ ಈಗ ವಾರಕ್ಕೆ ಮೂರು ಸಲ ಡಯಾಲಿಸಿಸ್. ಒಂದೊಂದು ಸಲಕ್ಕೂ ನಾಲ್ಕು ತಾಸು. ಅವರು ಒಳಗೆ, ನಾನು ಹೊರಗಿನ ಬೆಂಚಿನಲ್ಲಿ. ಆ ಬೆಂಚಿನಲ್ಲಿ ಕೂತವರೆಲ್ಲ ಏನನ್ನಾದರೂ ಎಣಿಸುತ್ತಲೇ ಇರುತ್ತಾರೆ: ಕ್ರಿಯಾಟಿನಿನ್, ಉಳಿದ ದುಡ್ಡು, ಮುಂದಿನ ವರ್ಷಗಳು. ನಾನು ಎಳೆ ಎಣಿಸುತ್ತೇನೆ. ‘ಎಲ್ಲಾ ಛಲೋ ಆಗ್ತದ ಬಿಡ್ರಿ’ ಅನ್ನುವವರಿಗಿಂತ ಈ ಎಣಿಕೆ ಪ್ರಾಮಾಣಿಕ. ಯಾವ ಭರವಸೆಯನ್ನೂ ಕೊಡುವುದಿಲ್ಲ. ನಾಲ್ಕು ಎಳೆ ದಾಟಿ ಸೂಜಿ ಇಳಿಸು, ನಾಲ್ಕು ಎಳೆ ದಾಟಿ ಮೇಲೆತ್ತು. ಇದನ್ನು ಧ್ಯಾನ ಅಂದರೆ ನನಗೆ ನಗು ಬರುತ್ತದೆ. ದುಃಖ ಎಲ್ಲಿಗೂ ಹೋಗಿರುವುದಿಲ್ಲ, ಪಕ್ಕದಲ್ಲೇ ಕೂತಿರುತ್ತದೆ. ಆದರೆ ಎರಡು ಲೆಕ್ಕ ಒಟ್ಟಿಗೆ ಹಾಕಲು ನನ್ನ ತಲೆಗೆ ಆಗುವುದಿಲ್ಲ, ಅದೊಂದು ಅನುಕೂಲ.

ಗವಂತಿಯ ಸೂಜಿ ಹೋಗುವಾಗ ಒಂದು ಮನೆ ಬಿಟ್ಟು ಒಂದು ಮನೆ ತುಂಬುತ್ತದೆ. ಆಗ ನೋಡಿದರೆ ತೇರು ತೇರೇ ಅಲ್ಲ, ಇರುವೆಸಾಲು ಚದುರಿದಂತೆ ತುಂಡು ತುಂಡು ಗೆರೆ. ಅದೇ ದಾರಿಯಲ್ಲಿ ಎದುರುಮುಖವಾಗಿ ಬರುವಾಗ ಬಿಟ್ಟ ಮನೆಗಳೆಲ್ಲ ತುಂಬುತ್ತವೆ. ಗೆರೆಗೆ ಗೆರೆ ಕೂಡಿಕೊಂಡಿರುವ ಚಿತ್ತಾರ ಎಷ್ಟೇ ಕವಲೊಡೆದಿರಲಿ, ಪ್ರತಿ ಗೆರೆಯ ಮೇಲೂ ಒಮ್ಮೆ ಹೋಗಿ ಒಮ್ಮೆ ಬಂದು ಸೂಜಿ ಹೊರಟಲ್ಲಿಗೇ ಸೇರಬಹುದು. ಗಣಿತವೂ ಇದನ್ನು ಒಪ್ಪುತ್ತದೆ. ಎಲ್ಲಿ ಕವಲು ಹೊಕ್ಕು ಎಲ್ಲಿ ಹೊರಬರಬೇಕೆಂದು ಮೊದಲೇ ಕಾಣುವುದೇ ಇದರ ಮಜಾ. ಕಳಸದ ತುದಿ ಮುಟ್ಟಿ ಸೂಜಿ ತಿರುಗಿದಾಗ ಆಗುವ ಖುಷಿಯನ್ನು ಆಸ್ಪತ್ರೆಯ ಫಿನಾಯಿಲ್ ವಾಸನೆಯೂ ಕೆಡಿಸಲಾರದು.

ಮೊನ್ನೆಯಿಂದ ಬೆಂಚಿನ ಇನ್ನೊಬ್ಬಾಕೆ ಗಂಟುಬಿದ್ದಿದ್ದಾಳೆ. ಅವಳ ಅಣ್ಣ ಒಳಗೆ. ‘ಅಕ್ಕಾರ, ನನಗ ನವಿಲು ಕಲಿಸ್ರಿ.’

‘ಮೊದಲ ಒಂದು ಗೆರಿ ನೆಟ್ಟಗ ಬರ್ಲಿ ತಡಿಯವ್ವಾ.’

ತಂದದ್ದು ಕರಿ ಕುಪ್ಪಸದ ಬಟ್ಟೆ. ಎಳೆ ಕಾಣುವುದೇ ಇಲ್ಲ. ಅದರ ಮೇಲೆ ಜಾಳಿಗೆ ಬಟ್ಟೆಯ ತುಂಡು ಹೊಲಿದು ಕೊಟ್ಟೆ. ಅದರ ಎಳೆ ಎಣಿಸಿ ಹಾಕಿ, ಆಮೇಲೆ ಅದನ್ನು ಒಂದೊಂದೇ ಎಳೆಯಾಗಿ ಎಳೆದು ತೆಗೆಯಬೇಕು ಅಂದೆ. ಅವಳ ಕಣ್ಣು ದೊಡ್ಡದಾಯಿತು. ‘ಎಳೀವಾಗ ನನ್ನ ನವಿಲೂ ಅದರ ಕೂಡ ಬಂತಂದ್ರ?’

‘ಬರೂದಿಲ್ಲ. ಅವಸರ ಮಾಡಿ ಜಗ್ಗಬ್ಯಾಡ, ಅಷ್ಟ.’

ಅರೆಮನಸ್ಸಿನಿಂದ ಒಪ್ಪಿದ್ದಾಳೆ. ಈಗ ಜಗಳವೆಲ್ಲ ನವಿಲಿಗೆ ಹಸಿರೋ ಕೆಂಪೋ ಅನ್ನುವುದರ ಮೇಲೆ.