ಕುರಕುಂಟಾದ ಕಲ್ಲುಖೋಲಿಯಲ್ಲಿ ಎರಡು ಪೆಟ್ಟಿಗೆ

ವಾಡಿ ಜಂಕ್ಷನ್ ಬಿಟ್ಟ ಪ್ಯಾಸೆಂಜರ್ ಗಾಡಿ ಚಿತ್ತಾಪುರ, ಮಳಖೇಡ ರೋಡ್, ಸೇಡಂ ಅಂತ ಒಂದೊಂದೇ ನಿಲ್ದಾಣಕ್ಕೆ ನಮಸ್ಕಾರ ಹಾಕಿಕೊಂಡು ಕುರಕುಂಟಾ ಮುಟ್ಟುವ ಹೊತ್ತಿಗೆ ನನ್ನ ಬಿಳಿ ಅಂಗಿ ಬೂದಿ ಬಣ್ಣಕ್ಕೆ ತಿರುಗಿತ್ತು. ಈ ಸೀಮೆಯ ಗಾಳಿಯಲ್ಲೇ ಕಲ್ಲಿನ ಪುಡಿ ಇದೆ ಸ್ವಾಮಿ! ಅದೇ ಗಾಡಿಯಲ್ಲಿ ಇನ್ನಷ್ಟು ಹೊತ್ತು ಕೂತಿದ್ದರೆ ತಾಂಡೂರು, ಅಂದರೆ ತೆಲಂಗಾಣ. ಇಲ್ಲಿಯ ಹುಡುಗರು ರಾಜಕುಮಾರ್ ಹಾಡಿಗೂ ಸೈ, ಚಿರಂಜೀವಿ ಕುಣಿತಕ್ಕೂ ಸೈ.

ನಾನು ಹೋದದ್ದು ಯಾವ ಶೂಟಿಂಗೂ ನೋಡಲು ಅಲ್ಲ. ನಮ್ಮಪ್ಪನ ಗೆಳೆಯರೊಬ್ಬರು, ನಾನು ಕಾಕಾ ಅನ್ನುತ್ತೇನೆ, ಫೋನ್ ಮಾಡಿದ್ದರು. "ತಮ್ಮಾ, ನೀ ಸಿನಿಮಾ ಮಂದಿ ಜೋಡಿ ಇರಾಂವ. ಸಪ್ಪಳದ ಗುಣ ನಿನಗ ಗೊತ್ತಿರ್ತದ. ಮಷಿನ್ ಮಾರಿ ನಾಕು ಲಕ್ಷ ಇಟ್ಟೀನಿ. ಸ್ಪೀಕರ್ ತಗೋಬೇಕು. ನೀ ಬಂದು ಹ್ಞೂಂ ಅಂದ್ರ ತಗೋತೀನಿ, ಇಲ್ಲಂದ್ರ ಇಲ್ಲ."

ಪಿಯುಸಿ ಅರ್ಧಕ್ಕೆ ಬಿಟ್ಟವನ ಮೇಲೆ ನಾಲ್ಕು ಲಕ್ಷದ ಭಾರ! ಆದರೂ ಹೊರಟೆ. ಫಿಸಿಕ್ಸ್ ಬಾರದಿದ್ದರೂ ಕಲಬುರಗಿಯಿಂದ ಬೆಂಗಳೂರಿನವರೆಗೆ ಟಾಕೀಸುಗಳ ಮುಂದಿನ ಬೆಂಚಿನಲ್ಲಿ ಕೂತು ಕಿವಿ ಪಳಗಿಸಿಕೊಂಡವನು ನಾನು.

ಕಾಕಾ ಮೂವತ್ತು ವರ್ಷ ಫರಸಿ ಕೊಯ್ದವರು. ಹೊರಗಿನವರು ಅದಕ್ಕೆ ಶಹಾಬಾದ್ ಕಲ್ಲು ಅನ್ನುತ್ತಾರೆ. ಪುಸ್ತಕದ ಹಾಳೆ ಬಿಡಿಸಿದ ಹಾಗೆ ಪದರಪದರವಾಗಿ ಏಳುವ ಸುಣ್ಣಕಲ್ಲು. ಇದೇ ಕಲ್ಲನ್ನು ನಂಬಿ ಶಹಾಬಾದ್, ವಾಡಿ, ಸೇಡಂ, ಮಳಖೇಡಗಳಲ್ಲಿ ಸಿಮೆಂಟ್ ಕಾರ್ಖಾನೆ ಎದ್ದವು. ಕುರಕುಂಟಾದಲ್ಲೂ ಸಿಮೆಂಟ್ ಕಾರ್ಪೊರೇಷನ್ನಿನದು ಒಂದಿತ್ತು, ಮುಚ್ಚಿ ವರ್ಷಗಳಾದವು. ಕಾಕಾ ಕಾರ್ಖಾನೆಯವರಲ್ಲ, ಸ್ವಂತ ಮಷಿನ್ ಇಟ್ಟು ಕಲ್ಲು ಕೊಯ್ದು ಪಾಲಿಶ್ ಮಾಡಿ ಮಾರಿದವರು. ಹಾಗಾಗಿ ಮನೆಯೆಲ್ಲ ಕಲ್ಲೇ. ಹಾಡು ಕೇಳುವ ಖೋಲಿಯಂತೂ ನೆಲ ಫರಸಿ, ಗೋಡೆ ಫರಸಿ, ಮೇಲಿನ ಮಾಳಿಗೆಯೂ ಫರಸಿ. ಹದಿನಾರು ಅಡಿ ಉದ್ದ, ಹನ್ನೆರಡು ಅಗಲ, ಹತ್ತು ಎತ್ತರ. ಒಳಗೆ ಎರಡು ಕುರ್ಚಿ. ಮೂಲೆಗೊಂದರಂತೆ, ಹೈದರಾಬಾದಿನ ಅಂಗಡಿಯವನು ವಾರದ ಮಟ್ಟಿಗೆ ಕೊಟ್ಟ ಆಳೆತ್ತರದ ಎರಡು ಸ್ಪೀಕರ್.

"ಅಂಗಡ್ಯಾಗ ಬಂಗಾರ ಇತ್ತಪಾ ಸಪ್ಪಳ. ಇಲ್ಲಿ ತಂದ್ರ ತಾಮ್ರ!" ಅಂದರು ಕಾಕಾ.

ಹಾಡು ಹಚ್ಚಿದರು. ಯಾವ ಹಾಡು ಅಂತ ಹೇಳುವುದಿಲ್ಲ, ಅದು ಕಾಕಾ-ಕಾಕಿಯ ಗುಟ್ಟು. ರಾಜಕುಮಾರ್ ಹಾಡಿದ್ದು, ನಡುವೆ ಗೆಜ್ಜೆ ಇದೆ. ಅಷ್ಟು ಸಾಕು. ಕೇಳಿದೆ. ಅಣ್ಣಾವ್ರು ಬಾವಿಯೊಳಗಿಂದ ಹಾಡಿದ ಹಾಗಿತ್ತು. ಒಂದು ಪದದ ಬಾಲ ಮುಂದಿನ ಪದದ ತಲೆ ಹಿಡಿಯುತ್ತಿತ್ತು. ನಿಲ್ಲಿಸಿ ಒಂದು ಚಪ್ಪಾಳೆ ಹೊಡೆದೆ. 'ಟಣ್' ಅಂತ ಗೋಡೆಯಿಂದ ಗೋಡೆಗೆ ಓಡಾಡಿ ನಿಧಾನವಾಗಿ ಸತ್ತಿತು.

ಈ ರೋಗ ಹಳೆಯದು. 1895ರಲ್ಲಿ ಅಮೆರಿಕದ ಹಾರ್ವರ್ಡ್‌ನಲ್ಲಿ ಹೊಸದಾಗಿ ಕಟ್ಟಿದ ಒಂದು ಉಪನ್ಯಾಸ ಕೊಠಡಿಯಲ್ಲಿ ಮೇಷ್ಟ್ರ ಪಾಠವೇ ಯಾರಿಗೂ ತಿಳಿಯುತ್ತಿರಲಿಲ್ಲ. ಒಮ್ಮೆ ಎದ್ದ ಶಬ್ದ ಐದೂವರೆ ಸೆಕೆಂಡ್ ಅಲ್ಲೇ ಸುತ್ತುತ್ತಿತ್ತು. ವ್ಯಾಲೇಸ್ ಸಬೈನ್ ಎಂಬ ಯುವಕ ಮೇಷ್ಟ್ರಿಗೆ ಸರಿಮಾಡುವ ಕೆಲಸ ಬಂತು. ಅವನು ಪಕ್ಕದ ನಾಟಕಶಾಲೆಯಿಂದ ಕುರ್ಚಿಯ ಮೆತ್ತೆಗಳನ್ನು ರಾತ್ರಿ ಹೊರಿಸಿ ತಂದು, ಆರ್ಗನ್ ಕೊಳವೆ ಊದಿ, ಗಡಿಯಾರ ಹಿಡಿದು ಕೂರುತ್ತಿದ್ದ. ಒಂದಷ್ಟು ಮೆತ್ತೆಗೆ ಇಷ್ಟು ಸೆಕೆಂಡ್ ಕಡಿಮೆ, ಇನ್ನಷ್ಟಕ್ಕೆ ಇನ್ನಷ್ಟು. ಅದರಿಂದ ಹುಟ್ಟಿದ ಸೂತ್ರವನ್ನು ಕಾಕಾನ ಖಾಲಿ ಖೋಲಿಗೆ ಹಾಕಿ ನೋಡಿದೆ. ಕಲ್ಲು ಶಬ್ದವನ್ನು ನುಂಗುವುದು ನೂರಕ್ಕೆ ಎರಡು ಪಾಲು ಅಂತ ಹಿಡಿದರೆ, ಬಾಗಿಲು ಕಿಟಕಿ ಮುಚ್ಚಿದಾಗ ಸುಮಾರು ಐದು ಸೆಕೆಂಡ್! ಮನೆಯಲ್ಲಿ ಹಾಡು ಕೇಳಲು ಅರ್ಧ ಸೆಕೆಂಡಿನ ಆಸುಪಾಸು ಇದ್ದರೆ ಚೆನ್ನ. ಅಂಗಡಿಯವನ ಖೋಲಿಯಲ್ಲಿ ರತ್ನಗಂಬಳಿ, ದಪ್ಪ ಪರದೆ, ಸೋಫಾ ಇದ್ದವಂತೆ. ಬಂಗಾರ ಇದ್ದದ್ದು ಅಲ್ಲಿ!

ಟಾಕೀಸಿನ ಹುಲಿಗಳಿಗೆ ಇದನ್ನು ವಿವರಿಸಬೇಕಿಲ್ಲ. ಮೊದಲ ದಿನ ಹೌಸ್‌ಫುಲ್ ಇದ್ದಾಗಿನ ಡೈಲಾಗೇ ಬೇರೆ, ಐದನೇ ವಾರ ಹತ್ತು ಜನ ಇದ್ದಾಗಿನ ಡೈಲಾಗೇ ಬೇರೆ. ಶಿಳ್ಳೆ ಹೊಡೆಯುವ ನಮ್ಮ ಮೈಯೇ ಮೆತ್ತೆ.

"ಕಾಕಿ, ಕೌದಿ ಎಷ್ಟದಾವ್ರಿ?" ಅಂದೆ. ಟ್ರಂಕಿನಿಂದ ಏಳು ಕೌದಿ ಹೊರಬಂದವು. ನಾಲ್ಕನ್ನು ಗೋಡೆಗೆ ಇಳಿಬಿಟ್ಟೆವು. ನೆಲಕ್ಕೆ ಜಮಖಾನ, ಹಿಂದಿನ ಗೋಡೆಗೆ ಎರಡು ಹತ್ತಿ ಗಾದಿ ನಿಲ್ಲಿಸಿದೆವು. ಮೂಲೆ ಬಿಡಿಸಿ ಸ್ಪೀಕರ್ ಮುಂದಕ್ಕೆ ಎಳೆದೆವು. ಮೂಲೆಯಲ್ಲಿಟ್ಟರೆ ಢಂಢಂ ಸದ್ದು ಊದಿಕೊಳ್ಳುತ್ತದೆ. ಎರಡು ಪೆಟ್ಟಿಗೆಯ ನಡುವೆ ಎಷ್ಟು ದೂರವೋ ಅಷ್ಟೇ ದೂರಕ್ಕೆ ಕಾಕಾನ ಕುರ್ಚಿ, ಮೂರೂ ಸೇರಿ ಸಮತ್ರಿಕೋಣ. ಸಣ್ಣ ಸ್ವರ ಬಿಡುವ ಟ್ವೀಟರ್ ಕಿವಿಯ ಮಟ್ಟಕ್ಕೆ.

ಮತ್ತೆ ಹಚ್ಚಿದೆವು. ಅಣ್ಣಾವ್ರು ಬಾವಿಯಿಂದ ಎದ್ದು ಬಂದು ಎರಡು ಪೆಟ್ಟಿಗೆಯ ನಟ್ಟನಡುವೆ, ಏನೂ ಇಲ್ಲದ ಜಾಗದಲ್ಲಿ ನಿಂತರು! ಆ ಕಾಲದ ನಮ್ಮ ಬಹಳಷ್ಟು ಹಾಡುಗಳು ಮೋನೋ. ಎರಡೂ ಸ್ಪೀಕರಿನಿಂದ ಒಂದೇ ಸದ್ದು ಬರುವುದರಿಂದ ದನಿ ಮಧ್ಯಕ್ಕೆ ಬರಬೇಕು. ಬಾರದಿದ್ದರೆ ಪೆಟ್ಟಿಗೆ ಇಟ್ಟದ್ದು ಸರಿಯಿಲ್ಲ ಅಂತ ಲೆಕ್ಕ. ಕೊಳ್ಳುವ ಮುಂಚೆ ನಿಮಗೆ ಬಾಯಿಪಾಠ ಇರುವ ಇಂಥದೊಂದು ಹಾಡನ್ನೇ ಹಚ್ಚಿಸಿ. ಅಂಗಡಿಯವನು ಹಚ್ಚುವ ಗುಡುಗು-ಸಿಡಿಲಿಗೆ ಮರುಳಾಗಬೇಡಿ.

ಇಷ್ಟು ಚಿಕ್ಕ ಖೋಲಿಗೆ ಆಳೆತ್ತರದ್ದು ಬೇಕೇ ಅನ್ನುವುದು ನನ್ನ ತಕರಾರು. ಟಾಕೀಸಿನಲ್ಲಿ ಸ್ಪೀಕರ್ ಪರದೆಯ ಹಿಂದೆ ನಿಂತು, ಪರದೆಯ ಸಣ್ಣ ಸಣ್ಣ ತೂತುಗಳ ಮೂಲಕ ನೂರಾರು ಜನಕ್ಕೆ ಕೂಗಬೇಕು. ಮನೆಯಲ್ಲಿ ಇರುವುದು ಇಬ್ಬರು. ಬಿಬಿಸಿಯವರು 1970ರ ದಶಕದಲ್ಲಿ ಹೊರಾಂಗಣ ಪ್ರಸಾರದ ವ್ಯಾನಿನೊಳಗೆ ಹಿಡಿಸಲಿ ಅಂತ ಎಲ್‌ಎಸ್3/5ಎ ಎಂಬ ಒಂದಡಿ ಎತ್ತರದ ಪೆಟ್ಟಿಗೆ ಮಾಡಿದರು. ಅದರಲ್ಲಿ ಮನುಷ್ಯನ ದನಿ ಕೇಳಿದವರು ಇವತ್ತಿಗೂ ಅದನ್ನು ಹುಡುಕಿಕೊಂಡು ಹೋಗುತ್ತಾರೆ. ಢಂಢಂ ಕಡಿಮೆ, ನಿಜ. ಆದರೆ ಕಾಕಾಗೆ ಬೇಕಾದದ್ದು ದನಿ ತಾನೆ?

"ಹೆಂಗದ ಕಾಕಾ?"

"ಛಂದ ಅದ. ಆದ್ರ..." ಅವರು ಮುಖ ಕಿವಿಚಿದರು. "ಸಪ್ಪಳ ಕೇಳಸ್ತದ, ಮಾತು ತಿಳೀವಲ್ದು. ಗೆಜ್ಜಿ ಎಲ್ಲಿ ಹೋದ್ವು? ಪೆಟ್ಟಿಗೀನೇ ಸರಿ ಇಲ್ಲೇನೋ. ಇನ್ನೊಂದು ಲಕ್ಷ ಹಾಕಿ ದೊಡ್ಡದು ತಗೋಳೋಣೇನು?"

ಗೆಜ್ಜೆ ನನಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಬಾಗಿಲಲ್ಲಿ ನಿಂತ ಅವರ ಮೊಮ್ಮಗನ ಕಾಲು ಅದೇ ತಾಳಕ್ಕೆ ಕುಣಿಯುತ್ತಿತ್ತು.

ಫೋನನ್ನು ಸ್ಪೀಕರಿಗೆ ಜೋಡಿಸಿ ಒಂದೊಂದೇ ಸ್ವರ ಬಿಟ್ಟೆ. ಕೇಳಿದರೆ ಬೆರಳೆತ್ತಿ ಅಂದೆ. 500 ಹರ್ಟ್ಸ್, ಬೆರಳು ಎದ್ದಿತು. 1000, ಎದ್ದಿತು. 2000ಕ್ಕೆ ಸ್ವಲ್ಪ ತಡವಾಗಿ ಎದ್ದಿತು. 4000 ಬಿಟ್ಟೆ. ಹುಡುಗ ಎರಡೂ ಕಿವಿ ಮುಚ್ಚಿಕೊಂಡು "ಮುತ್ಯಾ, ಬಂದ್ ಮಾಡಸು!" ಅಂತ ಚೀರಿದ.

ಕಾಕಾ ನನ್ನ ಮುಖ ನೋಡಿ, "ಹಚ್ಚೀಯೇನು?" ಅಂದರು.

ಖೋಲಿಯಲ್ಲಿ ಯಾರೂ ಮಾತಾಡಲಿಲ್ಲ. ಕಾಕಿ ಕೌದಿಯ ಅಂಚು ಸರಿಪಡಿಸಿದರು.

ಸದ್ದಿನಿಂದ ಕಿವಿ ಕೆಟ್ಟರೆ ಮೊದಲು ಹೋಗುವುದು ಸಾಮಾನ್ಯವಾಗಿ 4000ದ ಸುತ್ತಲಿನ ಸ್ವರಗಳೇ. ಗೆಜ್ಜೆಯ ಕಿಣಿಕಿಣಿ, 'ಸ', 'ಶ'ದಂಥ ಅಕ್ಷರಗಳ ಮೊನೆ ಇರುವುದು ಆ ಎತ್ತರದಲ್ಲಿ. ಒಳಗಿವಿಯ ಸೂಕ್ಷ್ಮ ರೋಮಕೋಶ ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. 90 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆ ಮೀರಬಾರದು ಅನ್ನುತ್ತದೆ ನಮ್ಮ ಕಾರ್ಖಾನೆ ನಿಯಮ. ಕಲ್ಲು ಕೊಯ್ಯುವ ಚಕ್ರದ ಪಕ್ಕ ಕಾಕಾ ನಿಂತದ್ದು ಮೂವತ್ತು ವರ್ಷ, ಕಿವಿಗೆ ಹತ್ತಿಯೂ ಇಲ್ಲದೆ.

"ಅಂದ್ರ ಆ ಮಷಿನ್ ಮಾರಿದ ರೊಕ್ಕದಾಗ..." ಅಂದವರು ಮಾತು ಮುಗಿಸಲಿಲ್ಲ. ಆಮೇಲೆ ಜೋರಾಗಿ ನಕ್ಕರು. ನನಗೆ ನಗು ಬರಲಿಲ್ಲ.

ಸಂಜೆಯ ಹೊತ್ತಿಗೆ ತೀರ್ಮಾನವಾಯಿತು. ಆಳೆತ್ತರದ್ದು ವಾಪಸ್. ಸಣ್ಣ ಜೋಡಿಯೊಂದನ್ನು ಈ ಖೋಲಿಗೇ ತಂದು, ಕೌದಿಗಳ ನಡುವೆ, ಮೊಮ್ಮಗನನ್ನು ಕೂರಿಸಿಕೊಂಡು ಕೇಳಿ ಆರಿಸುವುದು. ಅದಕ್ಕೂ ಮೊದಲು ಕಲಬುರಗಿಯಲ್ಲಿ ಕಿವಿ ಡಾಕ್ಟರ್. ಶ್ರವಣಯಂತ್ರ ಅಂದಾಗ "ಕಿವ್ಯಾಗ ಗೂಟ ಹೊಡ್ಕೊಳ್ಳೋದೇನು?" ಅಂತ ಸಿಡುಕಿದರು. ಮಾತಿಗೆ ಹೊಂದಿಸಿದ ಯಂತ್ರ ಹಾಡಿಗೆ ಒಗ್ಗದೆಯೂ ಇರಬಹುದು, ಹಾಡಿಗೆ ಬೇರೆಯೇ ಹೊಂದಿಸಿ ಕೊಡಿ ಅಂತ ಕೇಳಿಕೊಳ್ಳಿ ಎಂದೆ. ಹೂಂ ಅನ್ನಲಿಲ್ಲ, ಉಹೂಂ ಅಂತಲೂ ಅನ್ನಲಿಲ್ಲ.

ಸ್ಟೇಷನ್ನಿಗೆ ಬಿಡಲು ಬಂದರು. ಗಾಡಿ ದೂರದಲ್ಲಿ ಕಂಡಾಗ ನನ್ನ ತೋಳು ಹಿಡಿದು ಕೇಳಿದರು:

"ಆ ಹಾಡಿನ್ಯಾಗ ಗೆಜ್ಜಿ ಇನ್ನೂ ಅದಾವೇನು?"

"ಅದಾವ್ರಿ ಕಾಕಾ."

"ಕೊನೀತನಾ?"

"ಕೊನೀತನಾ ಅದಾವ್ರಿ."

"ಮಂಗಳವಾರ ಬರ್ತೀನಿ ಕಲಬುರಗಿಗೆ. ಡಾಕ್ಟರ್ ಹಂತ್ಯಾಕ ನೀನೂ ಬಾ," ಅಂದು ನನ್ನ ಚೀಲ ಗಾಡಿಯೊಳಗೆ ಇಟ್ಟರು.